ತಾಳ ತಪ್ಪಿಸಿದ ಹಾಡು

"ಇವಳನ್ನ ಯಾರು ಕರೆದಿದ್ದು?"

ಸ್ಟುಡಿಯೋದ ಗಾಜಿನ ಆಚೆ ಗಿಟಾರ್ ಹಿಡಿದು ನಿಂತವನ ದನಿ, ಡ್ರಮ್ ಮುಂದೆ ಕೂತಿದ್ದ ಅವಳ ಹೆಡ್‌ಫೋನಿಗೂ ಬಂದುಬಿಟ್ಟಿತು.

"ನಾನೇ!" ಎಂದ ರೆಕಾರ್ಡಿಂಗ್ ಮಾಡಲು ಕೂತಿದ್ದ ಅವಳ ಅಣ್ಣ. "ಹೊಸ ಡ್ರಮ್ಮರ್ ನಿನ್ನ ಹಾಡು ಕೇಳಿ ಗೊಳೋ ಅಂತ ಅತ್ತು ಮನೆಗೆ ಹೋದ. ನನ್ನ ತಂಗಿಗಾದ್ರೆ ಎದೆ ಗಟ್ಟಿ."

ಎದೆ ಗಟ್ಟಿಯಂತೆ! ರಾಕ್ ಬ್ಯಾಂಡಿನಲ್ಲಿ ಎಲ್ಲರೂ ಅವಳನ್ನು 'ಗುಡುಗು' ಎನ್ನುತ್ತಿದ್ದರು. ಈಗ ಆ ಗುಡುಗು ತಲೆಯೆತ್ತದೆ, ಬಿಗಿಯಾಗೇ ಇದ್ದ ಡ್ರಮ್ಮಿನ ತಿರುಪನ್ನು ಮತ್ತೆ ಬಿಗಿ ಮಾಡುತ್ತಿತ್ತು.

ಹೋದ ವರ್ಷ ಇದೇ ಕೋಣೆಯಲ್ಲಿ, ಗಿಟಾರಿನವನ ಜೊತೆ ಅವಳ ಮದುವೆ ಮಾತು ಶುರುವಾದ ವಾರವೇ, ಅವನು ಈ ಹಾಡು ಹಾಡಿದ್ದ.

'ನೀನಿಲ್ಲದ ಮನೆಯಲ್ಲಿ ಎರಡು ಲೋಟ ತೊಳೆದಿಟ್ಟೆ...'

ಪಕ್ಕದಲ್ಲೇ ಇರುವವಳನ್ನು ಇಲ್ಲವೆಂದು ಹಾಡಿದರೆ ಏನರ್ಥ? ನಾನು ಬೇಡವಾದೆ ಎಂದುಕೊಂಡಳು. ಒಂದು ಮಾತೂ ಕೇಳದೆ ಹೊರಟುಹೋಗಿದ್ದಳು.

ಈಗ ಅದೇ ಹಾಡು ಶುರುವಾಯಿತು. ಆ ಸಾಲು ಬಂದಿದ್ದೇ ತಡ, ಅವಳ ಕೈ ತಾಳ ಬಿಟ್ಟು ಮುಂದೆ ಓಡಿತು.

"ಗುಡುಗೂ, ಓಡ್ಬೇಡ ಕಣೇ!" ಎಂದ ಅಣ್ಣ.

ಮತ್ತೆ ಬಾರಿಸಿದಳು. ಮತ್ತೆ ಓಡಿತು. ಇನ್ನೊಮ್ಮೆ... ಅಯ್ಯೋ, ಈ ಕೈಗೇನಾಗಿದೆ!

ಅವನು ಗಿಟಾರ್ ಕೆಳಗಿಟ್ಟು ಒಳಗೇ ಬಂದ.

"ಅವತ್ತೂ ಹೀಗೇ ಓಡಿಹೋದೆ."

"ಇನ್ನೇನು ಮಾಡ್ಲಿ? ಎದುರಿಗೇ ಕೂತಿದ್ದೆ ಕಣೋ! ನನ್ನ ಮುಂದೆ ಕೂರಿಸ್ಕೊಂಡೇ ನಾನಿಲ್ಲ ಅಂತ ಹಾಡಿದೆ!"

ಅವನ ಮುಖ ಸಣ್ಣದಾಯಿತು.

"ನಂಗೆ ಖುಷಿಯಾದ್ರೆ ಹೆದರಿಕೆ ಆಗುತ್ತೆ... ಎಲ್ಲಿ ನೀನು ಹೋಗ್ಬಿಡ್ತೀಯೋ ಅಂತ ಹೆದರಿ ಬರೆದೆ. ಬರೆದೆ, ನೀನು ಹೋಗೇಬಿಟ್ಟೆ. ಈ ಆಲ್ಬಮ್ಮಿನ ಉಳಿದ ಹಾಡೆಲ್ಲ ಆಮೇಲೆ ಬಂದಿದ್ದು."

ಅವಳು ಡ್ರಮ್ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡಳು. ಇಷ್ಟು ದಿನ ರಾತ್ರಿಯೆಲ್ಲ ಅತ್ತಿದ್ದು ಇದಕ್ಕಾ?

ಹೆಡ್‌ಫೋನಿನಲ್ಲಿ ಅಣ್ಣ ಗೊಣಗಿದ. "ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸೋರನ್ನ ಕಂಡಿದ್ದೆ. ಬಿಟ್ಟುಹೋಗೋ ಮೊದಲೇ ಅಳೋನನ್ನ ಇವತ್ತೇ ನೋಡಿದ್ದು!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಇಲ್ಲೇ ನಿಂತು ಹಾಡು. ಗಾಜಿನ ಆಚೆ ಹೋಗ್ಬೇಡ."

ಅವನು ಹಾಡಿದ. ಆ ಸಾಲು ಬಂತು. ಕೆನ್ನೆ ಮೇಲೆ ನೀರಿಳಿಯುತ್ತಿತ್ತು, ಆದರೆ ಕೈ ಓಡಲಿಲ್ಲ. ಹಾಡು ಮುಗಿಯುವವರೆಗೂ ಅವನ ಜೊತೆಗೇ ನಡೆಯಿತು.

"ಆ ಎರಡನೇ ಲೋಟ..." ಎಂದಳು ಮೆಲ್ಲಗೆ.

"ಈಗ್ಲೂ ದಿನಾ ತೊಳೆದಿಡ್ತೀನಿ ಕಣೇ."

"ಬರೀ ತೊಳೆದಿಟ್ರೆ ಆಯ್ತಾ? ಸಂಜೆ ಅದಕ್ಕೆ ಕಾಫಿ ಹಾಕಿಡು... ಬರ್ತೀನಿ."