ಅಳಿಸಿ ಅಳಿಸಿ ತೂತು ಬಿದ್ದ ಹಾಳೆ

ಹಾವೇರಿಯ ಗಂಡಿನ ಕಡೆಯವರು ನಾಲ್ಕಕ್ಕೆ ಬರುವವರಿದ್ದರು. ನಮ್ಮ ಮಾಸ್ತರರು ಮೂರಕ್ಕೇ ಬಂದರು. ಕೈಯಲ್ಲಿ ಹೂವಿಲ್ಲ, ಒಂದು ಹಾಳೆ!

ಮಾಸ್ತರರೆಂದರೆ ಸಿದ್ದಲಿಂಗೇಶ. ಯಾವ ನಿರ್ಧಾರ ಒಳ್ಳೆಯದೆಂದು ಲೆಕ್ಕ ಹಾಕಿ ತಿಳಿಯುವ ಶಾಸ್ತ್ರವನ್ನು ರಾಣೆಬೆನ್ನೂರಿನ ಕಾಲೇಜಿನಲ್ಲಿ ಕಲಿಸುತ್ತಾರೆ. ಎರಡು ವರ್ಷದಿಂದ ನನ್ನನ್ನು ಪ್ರೀತಿಸುತ್ತಾರೆ; ಮದುವೆ ಅಂದರೆ ಮಾತ್ರ "ವಿಚಾರ ಮಾಡಾಕತ್ತೇನಿ". ನಾನು ಶ್ವೇತಾ, ಬ್ಯಾಡಗಿಯಲ್ಲಿ ಅಪ್ಪನ ಒಣಮೆಣಸಿನಕಾಯಿ ಅಂಗಡಿ ನೋಡಿಕೊಳ್ಳುವವಳು. ಇವತ್ತು ಉತ್ತರ ಕೊಡದಿದ್ದರೆ ಹಾವೇರಿಯವರಿಗೆ ಹೂಂ ಅನ್ನುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದೆ.

ಅಂಗಡಿಯ ಮೆಣಸಿನಕಾಯಿ ರಾಶಿಗೆ ಕೈಯೂರಿ ಕುಳಿತು ಹಾಳೆ ಬಿಚ್ಚಿದರು.

"ಈಗ ಲಗ್ನಾ ಆದ್ರ ಅರವತ್ತೆಂಟು ಮಾರ್ಕ್ಸ್. ನೌಕರಿ ಪರ್ಮನೆಂಟ್ ಆಗೋತನಕ ತಡದ್ರ ಎಪ್ಪತ್ತೊಂದು."

"ಅಲ್ಲೀತನಕ ನಾ ಇರ್ತೀನೇನ್ರಿ?"

"ಅದನ್ನೂ ಲೆಕ್ಕದಾಗ ಹಿಡದೇನಿ. ನೀ ಕೈಬಿಟ್ಟು ಹೋಗೋ ಸಾಧ್ಯತೆ ಶೇಕಡಾ ನಲವತ್ತು."

ನನಗೆ ಮೈ ಉರಿದುಹೋಯಿತು. "ಹಂಗಾರ ಈ ಹಾಳಿ ಜೋಡೀನ ಲಗ್ನಾ ಆಗ್ರಿ!"

ಕಸಿದುಕೊಂಡು ಹರಿಯಲು ಹೋದವಳು ತಡೆದೆ. ನನ್ನ ಹೆಸರಿನ ಮುಂದೆ, ಅಂಕ ಬರೆಯುವ ಜಾಗದಲ್ಲಿ, ಅಳಿಸಿ ಅಳಿಸಿ ತೂತೇ ಬಿದ್ದಿತ್ತು.

"ಇದೇನ್ರಿ?"

ತಲೆ ತಗ್ಗಿಸಿದರು. "ನಾಕು ಸಲ ತಿದ್ದೇನಿ. ಪ್ರತಿ ಸಲ ಬ್ಯಾಡಾದ ಉತ್ತರಾನ ಬಂತು."

"ಅಂದ್ರ, ಬೇಕಾದ್ದು ಯಾವುದಂತ ಮೊದಲ ಗೊತ್ತಿತ್ತಲ್ರಿ!"

ಅವರು ನನ್ನನ್ನೇ ನೋಡಿದರು. ಕಣ್ಣು ತುಂಬಿ ಬಂತು. ಒರೆಸಿಕೊಂಡರು, ಮೆಣಸಿನಕಾಯಿ ಮುಟ್ಟಿದ ಅದೇ ಕೈಯಿಂದ! ಬ್ಯಾಡಗಿಯ ಕೂಸೂ ಮಾಡದ ತಪ್ಪು. ಗಲ್ಲ ಹಿಡಿದು ತಣ್ಣೀರು ಹಾಕಿದೆ. ಒಂದು ಕಣ್ಣು ಮುಚ್ಚಿಕೊಂಡು, ಕೆಂಪಾದ ಇನ್ನೊಂದರಿಂದ ನನ್ನನ್ನೇ ನೋಡುತ್ತಿದ್ದರು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ಅಷ್ಟರಲ್ಲಿ ಅಪ್ಪ ಬಂದರು. ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗಿನ ಬೀಜದ ಸದ್ದು ಕೇಳಿ, ಇಡೀ ಚೀಲ ಒಪ್ಪಿಕೊಳ್ಳುವ ಮನುಷ್ಯ ಅವರು.

"ಯಾಕ್ರಿ ಮಾಸ್ತರ, ಅಳಾಕತ್ತೀರಿ?"

ಮಾಸ್ತರರು ಎದ್ದು ನಿಂತರು. "ನಿಮ್ಮ ಮಗಳನ್ನ ನನಗ ಕೊಡ್ರಿ ಕಾಕಾ. ತಡಿಯೋದು ಬ್ಯಾಡ."

"ಲೆಕ್ಕಾ ಹಾಕೀರೇನು?"

"ಹಾಕೇನ್ರಿ. ಬ್ಯಾಡ ಅಂತ ಬಂತು. ಆದ್ರೂ ಕೇಳಾಕತ್ತೇನಿ."

ಅಪ್ಪ ನನ್ನ ಮುಖ ನೋಡಿದರು. ಒಂದು ಗಳಿಗೆ, ಅಷ್ಟೇ. ಹಾವೇರಿಗೆ ಫೋನ್ ಹಚ್ಚಿದರು: "ಸಿಟ್ಟಾಗಬ್ಯಾಡ್ರಿ, ನಮ್ಮ ಹುಡುಗಿ ಲಗ್ನ ಗೊತ್ತಾತು."

ಮಾಸ್ತರರು ಮೆಲ್ಲಗೆ ಕೇಳಿದರು, "ಖರೇ ಹೇಳು, ನೀ ಕೈಬಿಟ್ಟು ಹೋಗೋದು ಶೇಕಡಾ ಎಷ್ಟಿತ್ತು?"

"ಸೊನ್ನಿ," ಅಂದೆ.

ಒಂದೇ ಕಣ್ಣಿನಲ್ಲಿ ಅವರು ನಕ್ಕ ಆ ನಗು! ಗೆದ್ದುಬಿಟ್ಟಿದ್ದೆ ನಾನು.