ಉಳಿದ ಒಂದೇ ಹಸಿರು

"ಸೀಟಪ್ಪನೋರೆ, ನನ್ನನ್ನ ಓಡಿಸೋಕೆ ಅಷ್ಟೊಂದು ಆತುರಾನಾ?"

ಅವಳು ನಗುತ್ತಲೇ ಕೇಳಿದಳು. ಕಣ್ಣು ಮಾತ್ರ ನಗಲಿಲ್ಲ.

ವಿಮಾನ ಕಂಪನಿಯ ಆ ಆಫೀಸಿನಲ್ಲಿ ಟಿಕೆಟ್ಟಿನ ದರ ಏರಿಸಿ ಇಳಿಸುವುದು ಅವಳ ಕೆಲಸ. ಎಷ್ಟು ಸೀಟು ಮಾರಬೇಕು, ಎಷ್ಟು ತಡೆಹಿಡಿಯಬೇಕು ಎಂದು ಸಾಫ್ಟ್‌ವೇರಿಗೆ ಹೇಳುವವನು ಅವನು; ಅದಕ್ಕೇ ಎಲ್ಲರ ಬಾಯಲ್ಲೂ ಸೀಟಪ್ಪ. ಅವನ ಪರದೆಯ ಮೇಲೆ ಸಂಜೆಯ ವಿಮಾನ ಮೈಚಾಚಿ ಮಲಗಿತ್ತು. ಮಾರಿದ ಸೀಟುಗಳು ಕೆಂಪು. ಒಂದರ ಪಕ್ಕ ಒಂದು, ಹುಣ್ಣು ಹಬ್ಬಿದಂತೆ, ಕೆಂಪಾಗುತ್ತ ಬಂದಿದ್ದವು. ಉಳಿದ ಒಂದೇ ಹಸಿರನ್ನು ಅವನು ಯಾರೂ ಕೊಳ್ಳದಂತೆ ಬ್ಲಾಕ್ ಮಾಡಿಟ್ಟಿದ್ದ.

ಸಿಬ್ಬಂದಿಯ ಪುಕ್ಕಟೆ ಟಿಕೆಟ್ಟಿಗೆ ಎಲ್ಲ ಮಾರಿ ಉಳಿದರೆ ಮಾತ್ರ ಜಾಗ. ಅವಳು ಹೊರಟಿದ್ದು ಅಂಥ ಟಿಕೆಟ್ಟಿನಲ್ಲಿ.

"ಹೋಗ್ಲೇಬೇಕು ಅಂದಿದ್ರಲ್ಲ ಮೇಡಂ. ಅದಕ್ಕೇ ಹಿಡಿದಿಟ್ಟೆ."

"ಎಂಥಾ ಒಳ್ಳೆಯವರಪ್ಪ! ಎಲ್ಲಿಗೆ ಅಂತ ಮಾತ್ರ ಕೇಳ್ಲಿಲ್ಲ."

"ಎಲ್ಲಿಗೆ?"

"ಭಾವನ ಮನೆಗೆ. ಅಕ್ಕ ಹೋದಮೇಲೆ ಅವರಿಗೆ ನಾನೇ ಹೆಂಡತಿ ಆಗ್ಬೇಕಂತೆ. ಅಮ್ಮ ಮಾತು ಕೊಟ್ಟಾಗಿದೆ."

"ಅಕ್ಕನಿಗೆ ಏನಾಗಿತ್ತು?"

"ಮೆಟ್ಟಿಲಿಂದ ಜಾರಿದಳು ಅಂದ್ರು." ಅವಳು ದನಿ ತಗ್ಗಿಸಿದಳು. "ಆ ಮನೇಲಿ ಮೆಟ್ಟಿಲೇ ಇಲ್ಲ."

ಕಿಟಕಿಯಾಚೆ ಮಧ್ಯಾಹ್ನದ ಬಿಸಿಲು ಇದ್ದಕ್ಕಿದ್ದಂತೆ ಮಂಕಾಯಿತು. ಕೊಡುವವನು ಮೇಲಿದ್ದಾನೆ, ಹಂಚುವುದಷ್ಟೇ ನಮ್ಮ ಪಾಲು ಎಂದು ನೆಮ್ಮದಿಯಿಂದ ಬದುಕಿದವನು ಅವನು. ಪ್ರೀತಿಯೆಂದು ತಾನು ಕಾದಿಟ್ಟದ್ದು ಯಮನ ಮನೆಯ ಹೊಸ್ತಿಲನ್ನೇ?

"ಮೊದಲೇ ಒಂದು ಮಾತು ಹೇಳಬಾರ್ದಿತ್ತಾ?"

"ಬೆಳಿಗ್ಗೆಯಿಂದ ದರ ಇಳಿಸ್ತಾ ಕೂತಿದೀನಿ, ಯಾರಾದ್ರೂ ಪುಣ್ಯಾತ್ಮರು ಆ ಸೀಟು ಕೊಂಡ್ಕೊಳ್ಲಿ ಅಂತ! ನೀವು ನೋಡಿದ್ರೆ ಉಡದ ಹಾಗೆ ಹಿಡ್ಕೊಂಡಿದೀರಿ." ಅವಳು ಪರದೆಯ ಕಡೆ ಬೊಟ್ಟು ಮಾಡಿದಳು. "ನಾನು ಹೋದ್ರೆ ನಿಮಗೇನೂ ಇಲ್ಲ ಅಂದ್ಕೊಂಡೆ."

ಅವನು ತಲೆಯೆತ್ತಿ ನೋಡಿದ. ಇಷ್ಟು ಕಾಲ ಪರದೆಯ ಗಾಜಿನಲ್ಲಿ ಮಾತ್ರ ಕದ್ದು ನೋಡಿದ್ದ ಮುಖ.

"ನೀವು ಹೋಗಬಾರ್ದು ಅಂತ ದಿನಾ ದೇವರ ಮುಂದೆ ಕೂರ್ತಿದ್ದೆ. ನಿಮ್ಮ ಮುಂದೆ ಕೂರೋ ಧೈರ್ಯ ಬರ್ಲಿಲ್ಲ."

"ದೇವರಿಗೇ ಅರ್ಜಿ ಹಾಕಿದ್ರಾ? ನಾನು ಪಕ್ಕದ ಮೇಜಲ್ಲೇ ಇದ್ನಲ್ರೀ!"

ಅವನು ಬ್ಲಾಕ್ ತೆಗೆದ. ಅಗ್ಗದ ಸೀಟು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೆಂಪಾಯಿತು. ಹೋಗುವ ಜೀವ ಯಾರದೋ, ಸುಖವಾಗಿ ತಲುಪಲಿ ಎಂದು ಮನಸ್ಸಿನಲ್ಲೇ ಕೈಮುಗಿದ.

ಅವಳು ಅಲ್ಲೇ ನಿಂತು ಭಾವನಿಗೆ ಫೋನ್ ಮಾಡಿದಳು. "ನಾನು ಬರಲ್ಲ ಭಾವ. ಇವತ್ತೂ ಇಲ್ಲ, ಯಾವತ್ತೂ ಇಲ್ಲ."

ಆ ಕಡೆಯ ದನಿ ಬೆಣ್ಣೆಯಂತಿತ್ತು, ಅವನಿಗೂ ಕೇಳಿಸುವಷ್ಟು ಸ್ಪಷ್ಟ. "ಸೀಟು ಸಿಗ್ಲಿಲ್ವಾ ಪುಟ್ಟಿ? ಪರವಾಗಿಲ್ಲ. ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಫೋನ್ ಕಟ್ಟಾಯಿತು. ಸೀಟಪ್ಪ ಭಾವನ ಊರಿಂದ ಇಲ್ಲಿಗೆ ಬರುವ ಮರುದಿನದ ವಿಮಾನವನ್ನು ಪರದೆಗೆ ತಂದ. ಇಬ್ಬರೂ ನೋಡುತ್ತಿದ್ದಂತೆ ಮುಂದಿನ ಸಾಲಿನಲ್ಲಿ ಒಂದು ಹಸಿರು ಮೆಲ್ಲನೆ ಕೆಂಪಾಯಿತು. ಪ್ರಯಾಣಿಕನ ಹೆಸರು ಓದಿ, ಭಾವನೇ ಎಂದು ಅವಳು ತಲೆಯಾಡಿಸಿದಳು.

"ರದ್ದು ಮಾಡ್ಲಾ?" ಅವನ ಬೆರಳು ಕೀಲಿಯ ಮೇಲಿತ್ತು.

"ಬೇಡ. ಇದಲ್ಲದಿದ್ರೆ ಇನ್ನೊಂದ್ರಲ್ಲಿ ಬರ್ತಾರೆ. ಬರ್ಲಿ." ಅವಳು ಆ ಬೆರಳನ್ನು ಕೈಯೊಳಗೆ ತೆಗೆದುಕೊಂಡಳು. "ನಾನು ಬಾಗಿಲು ತೆಗೆಯೋವಾಗ ಇರ್ತೀರಾ?"

"ನಿಮ್ಮ ಮುಂದೆ ನಿಂತಿರ್ತೀನಿ."

"ಮುಂದೆ ಬೇಡ. ಪಕ್ಕದಲ್ಲಿ ನಿಲ್ಲಿ, ಸಾಕು."