ಹೂವಿನ ಗಾಡಿ

"ಅದನ್ನ ಮುಟ್ಟಬ್ಯಾಡ್ರಿ," ಎಂದು ಮೆಕ್ಯಾನಿಕ್ ಸುಂಕಪ್ಪ ಹೇಳುವಷ್ಟರಲ್ಲಿ ಗುರುಬಸವರಾಜ ಅದನ್ನು ಕಿತ್ತು ಅಂಗೈಯಲ್ಲಿ ಹಿಡಿದಾಗಿತ್ತು. ಹಳೆಯ ಡೀಸೆಲ್ ಪಿಕಪ್ಪಿನ ಬ್ರೇಕ್ ಪೆಡಲಿನ ಹಿಂದೆ, ತಗಡಿನ ಸಂದಿಯಲ್ಲಿ ಯಾರೋ ತುರುಕಿಟ್ಟ ಗಂಟು. ಒಡೆದ ಹಸಿರು ಬಳೆಗಳು, ಅವುಗಳ ಸುತ್ತ ಬಿಗಿಯಾಗಿ ಸುತ್ತಿದ ಹೆಂಗಸಿನ ಉದ್ದ ಕೂದಲು, ಕೂದಲಿನ ಮೇಲೆ ಕಪ್ಪಗೆ ಹೆಪ್ಪುಗಟ್ಟಿದ ಏನೋ. ಮೂಗಿನ ಹತ್ತಿರ ತಂದರೆ ಡೀಸೆಲ್ ಘಾಟಿನ ಕೆಳಗೆ ಹಸಿ ರಕ್ತದ ಕಮಟು ಹೊಡೆಯಿತು.

ಸುಂಕಪ್ಪ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದ. ಹಡಗಲಿಯ ತನ್ನ ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಎಂಥೆಂಥ ಗಾಡಿಗಳನ್ನು ಬಿಚ್ಚಿ ಜೋಡಿಸಿದ ಮನುಷ್ಯ ಅವನು.

"ಮಾಗಳದ ನಾಗಪ್ಪ ಈ ಗಾಡಿ ನಿಮಗ ಇಷ್ಟು ಅಗ್ಗಕ್ಕ ಯಾಕ ಕೊಟ್ಟ ಅಂತ ಕೇಳಿದ್ರೇನು?"

"ಇಲ್ಲ. ಯಾಕ?"

"ಎರಡು ವರ್ಷದ ಹಿಂದ, ಪಕ್ಕೀರಮ್ಮನ ಮಗಳು ಮಂಜಮ್ಮಗ ದಾರಿಯಾಗ ಹೆರಿಗಿ ಬ್ಯಾನಿ ಸುರು ಆತು. ರಕ್ತ ಹರಿಯಾಕತ್ತಿತ್ತು. ತಾಯಿ ಈ ಗಾಡಿಗೆ ಕೈ ಮಾಡಿದ್ಲು. ನಾಗಪ್ಪ, ದೇವರ ಹೂವು ಅದಾವ, ಮೈಲಿಗಿ ಆಗ್ತಾವ ಅಂದು ಹೊಂಟುಬಿಟ್ಟ. ಹುಡುಗಿ ಅಲ್ಲೇ ಜೀವ ಬಿಟ್ಲು. ಮಗಳ ಬಳಿ ಒಡದು, ಕೂದಲಾ ಸುತ್ತಿ, ಪಕ್ಕೀರಮ್ಮ ಇಲ್ಲಿ ಇಟ್ಟಾಳ. ಈ ಗಾಡಿ ಹೊಡಿಯೋನು ತನ್ನೋರಿಗೂ ನಿಲ್ಲಬಾರದು ಅಂತ."

"ಈಗ ನಾನೇನ್ ಮಾಡ್ಬೇಕು?"

"ಇಟ್ಟ ಕೈಗೇ ಒಯ್ದು ಕೊಡ್ರಿ. ಆಕಿ ಕಾಲಿಗೆ ಬಿದ್ದು ತಪ್ಪಾತು ಅನ್ರಿ. ಇದಕ್ಕ ಬ್ಯಾರೆ ಮದ್ದಿಲ್ಲ."

ಗುರುಬಸವರಾಜ ನಕ್ಕುಬಿಟ್ಟ. ಕೊಟ್ಟೂರಿನ ಈ ಡಿಪ್ಲೊಮಾ ಓದಿದವ, ಬೆಕ್ಕು ಅಡ್ಡ ಬಂದರೆ ಬೆಕ್ಕಿಗೇ ಹಾರ್ನ್ ಹೊಡೆಯುವ ಗಿರಾಕಿ. "ಎಂಜಿನ್ನಿಗೆ ಬೇಕಾದ್ದು ಡೀಸೆಲ್ಲು, ಗಾಳಿ. ಕೂದಲಾ ಅಲ್ಲೋ ಮಾರಾಯ," ಎಂದ. ಅದು ಬಾಯಿಗೆ ಬಂದ ಮಾತು. ಹೊಟ್ಟೆಯಲ್ಲಿದ್ದ ಮಾತು ಹಿಂದೆಯೇ ಬಂತು: "ನಾನು ಆ ಕೇರಿಗೆ ಹೋಗಿ ಕಾಲಿಗೆ ಬೀಳಲೇನು?"

ಗುರುಬಸವರಾಜ ಗಂಟನ್ನು ಶೆಡ್ಡಿನ ಹಿಂದಿನ ಚರಂಡಿಗೆ ಎಸೆದು ಕೈ ತೊಳೆದುಕೊಂಡ.

ಹದಿನೈದು ದಿನ ಗಾಡಿ ಶೆಡ್ಡಿನಲ್ಲೇ ಇತ್ತು. ಬೇವಿನ ಮರದಡಿ ಎರಡು ವರ್ಷ ನಿಂತು ಸೀಟಿನಲ್ಲಿ ಕೋಳಿ ಕಾವು ಕೂತಿದ್ದ ಗಾಡಿ. ಡೀಸೆಲ್ ಪಂಪ್ ಬಿಚ್ಚಿ ಕಟ್ಟಿದರು, ಕ್ಲಚ್ ಪ್ಲೇಟ್ ಬದಲಿಸಿದರು, ತುಕ್ಕು ತಿಂದ ತಳಕ್ಕೆ ತಗಡು ಬೆಸೆದರು. ಹೊಸ ಬ್ರೇಕನ್ನು ಅವನೇ ಮೂರು ಸಲ ಒತ್ತಿ ನೋಡಿದ, ಒತ್ತಿದಲ್ಲೇ ನಿಲ್ಲುತ್ತಿತ್ತು. ನೀಲಿ ಬಣ್ಣ ಹಚ್ಚಿ, ಫೋಟೋ ತೆಗೆದು ಹೆಂಡತಿ ಗೀತಾಂಜಲಿಗೆ ಕಳಿಸಿದ. ಅವಳು ಚೊಚ್ಚಲ ಹೆರಿಗೆಗೆಂದು ಇಟ್ಟಿಗಿಯ ತವರಿನಲ್ಲಿದ್ದಳು, ಎಂಟು ತಿಂಗಳು ತುಂಬಿತ್ತು. ಹುಟ್ಟುವ ಕೂಸಿಗಾಗಿಯೇ ಈ ಗಾಡಿ ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಹಡಗಲಿಯ ಮಲ್ಲಿಗೆ ತುಂಬಿಕೊಂಡು ಸಂಜೆಯ ಪೂಜೆಗೆ ಕೊಟ್ಟೂರು ಮುಟ್ಟಿಸುವುದು ಅವನ ಕೆಲಸ. ಮೂರನೆಯ ದಿನ ಪೆಡಲಿನ ಹಿಂದೆ ಸದ್ದು ಕೇಳಿತು. ಕಿಣಿ. ಕಿಣಿ. ನಿಲ್ಲಿಸಿ ತಗಡು ಬಿಚ್ಚಿ ನೋಡಿದರೆ ಏನೂ ಇಲ್ಲ. ಐದನೆಯ ದಿನ ಕಾಲಡಿಯ ಚಾಪೆಯ ಕೆಳಗೆ ಹಸಿರು ಗಾಜಿನ ಚೂರೊಂದು ಸಿಕ್ಕಿತು. ಮಲ್ಲಿಗೆಯ ಘಮದೊಳಗಿಂದ ಆ ಕಮಟು ಆಗೀಗ ಎದ್ದು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ. ನಕ್ಕವನು ಹೇಗೆ ಹೇಳಿಯಾನು?

ವೈಶಾಖದ ಒಂದು ಮಧ್ಯಾಹ್ನ, ನಾಲ್ಕು ಗಂಟೆಗೇ ಕತ್ತಲೆ ಕವಿಯಿತು. ಎರೆಹೊಲಗಳ ಮೇಲಿಂದ ದೂಳು ಗೋಡೆಯಾಗಿ ಎದ್ದು ಬಂದು ರಸ್ತೆಯನ್ನು ನುಂಗಿತು. ಲೈಟ್ ಹಾಕಿದರೂ ಹತ್ತು ಮಾರು ಕಾಣದು. ಗಾಡಿ ಇರುವೆಯ ನಡಿಗೆಯಲ್ಲಿ ಸಾಗಿತ್ತು. ಕಿಟಕಿಯಿಂದ ಮಣ್ಣು ನುಗ್ಗಿ ಹಲ್ಲಿಗೆ ಸಿಗುತ್ತಿತ್ತು.

ಆಗ ಇಬ್ಬರು ಹೆಂಗಸರು ಕಂಡರು.

ಕೆಟ್ಟು ನಿಂತ ಆಟೋ ಪಕ್ಕ ಒಬ್ಬಳು ಮುದುರಿ ಕೂತಿದ್ದಳು. ಇನ್ನೊಬ್ಬಳು ಮುಖಕ್ಕೆಲ್ಲ ಸೆರಗು ಸುತ್ತಿಕೊಂಡು, ಕೈ ಎತ್ತಿಕೊಂಡು, ಅವನ ಕಡೆಗೇ ಓಡಿ ಬಂದಳು. ಏನೋ ಕೂಗಿದಳು. ಗಾಳಿ ಕಿತ್ತುಕೊಂಡಿತು. ಅವಳ ಕೈಗೆ ರಕ್ತ ಹತ್ತಿತ್ತು. ಸೀರೆಗೂ. ಕೂತವಳ ಕಾಲ ಕೆಳಗಿನ ಮಣ್ಣೂ ಕೆಂಪಾಗಿತ್ತು.

ಅವನು ರಕ್ತ ನೋಡಿದ. ಮುಖ ನೋಡಲಿಲ್ಲ.

ಮೈಲಿಗೆ. ಮಾಟವನ್ನು ನಂಬದವನ ತಲೆಯೊಳಗೆ ಈ ಮಾತು ಯಾರೂ ಕರೆಯದೆ ಬಂತು. ದೇವರ ಹೂವು. ಯಾರೋ ಏನೋ. ಯಾವ ಕೇರಿಯವರೋ. ಹಿಂದೆ ಇನ್ನೊಂದು ಗಾಡಿ ಬಂದೀತು.

ಆಮೇಲೆ ಕಿಣಿ ಎಂದಿತು. ಹಿಮ್ಮಡಿಗೆ ಕೂದಲು ಸುತ್ತಿತು. ತಣ್ಣಗೆ. ಒದ್ದೆ. ಬಿಗಿಯಿತು. ಕಾಲು ಏಳಲಿಲ್ಲ. ಬ್ರೇಕು ಅಲ್ಲೇ ಇತ್ತು. ಕಾಲು ಏಳಲಿಲ್ಲ. ಗಾಡಿಯ ಮೈಮೇಲೆ ಒಂದು ಕೈ ದಬದಬ ಬಡಿಯಿತು. ಒಮ್ಮೆ. ಎರಡು ಸಲ. ಮತ್ತೆ ಬರೀ ಗಾಳಿ.

ಕೊಟ್ಟೂರಿನಲ್ಲಿ ತಾಡಪಾಲು ಎತ್ತಿದಾಗ ಒಂದೂ ಬಿಳಿ ಮೊಗ್ಗು ಇರಲಿಲ್ಲ. ಬುಟ್ಟಿ ಬುಟ್ಟಿಯೂ ಕಪ್ಪಗೆ ಕೊಳೆತು ನೀರಾಗಿತ್ತು. ಅದನ್ನು ನೋಡುತ್ತ ನಿಂತಿದ್ದಾಗಲೇ ಫೋನು ಬಂತು. ಅತ್ತೆ ತಿಪ್ಪೇರುದ್ರಮ್ಮ ಅಳುತ್ತಿದ್ದಳು. ಆಟೋ ಕೆಟ್ಟಿತ್ತಂತೆ. ಆಂಬುಲೆನ್ಸ್ ಬರಲಿಲ್ಲವಂತೆ. ನೀಲಿ ಗಾಡಿಯೊಂದು ನಿಲ್ಲಿಸದೆ ಹೋಯಿತಂತೆ. ಕಡೆಗೆ ಕೆಲಸದಿಂದ ಮರಳುತ್ತಿದ್ದ ಪಕ್ಕೀರಮ್ಮನ ಮಗ ಕ್ರಾಂತಿಕುಮಾರ್ ತನ್ನ ಕಾರಿನಲ್ಲಿ ಗೀತಾಂಜಲಿಯನ್ನು ಎತ್ತಿ ಹಾಕಿಕೊಂಡು ಆಸ್ಪತ್ರೆಗೆ ಬಂದಿದ್ದ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಕ್ರಾಂತಿಕುಮಾರ್ ಪ್ಯಾಂಟು ಮಡಚಿಕೊಂಡು ಕಾರಿನ ಹಿಂದಿನ ಸೀಟು ತೊಳೆಯುತ್ತಿದ್ದ. ಬಕೆಟ್ಟಿನ ನೀರು ಕೆಂಪಾಗಿತ್ತು. ಗುರುಬಸವರಾಜನಿಗೆ ಕೈ ಮುಗಿಯಬೇಕೆನಿಸಿತು, ಕೈ ಮೇಲೇಳಲಿಲ್ಲ.

"ಒಳಗ ಹೋಗ್ರಿ, ಅವರ ಕಡೆ," ಎಂದಷ್ಟೇ ಹೇಳಿ ಅವನು ಮತ್ತೆ ಬಟ್ಟೆ ಹಿಂಡಿದ.

ಆ ಗಾಡಿ ತನ್ನದೇ ಎಂಬುದನ್ನು ಮುಚ್ಚಿಡಲು ಆಗಲಿಲ್ಲ. ಗುರುಬಸವರಾಜ ಎಲ್ಲರ ಮುಂದೆಯೂ ಹೇಳಿದ: ಮಾಟ ಕಾಲು ಹಿಡಿಯಿತು, ನಾನೇನು ಮಾಡಲಿ. ಸುಂಕಪ್ಪ ಹೌದೆಂದು ತಲೆಯಾಡಿಸಿದ. ಅತ್ತೆ ಅವನ ಬೆನ್ನು ಸವರಿ, "ನಿಂದೇನ್ ತಪ್ಪೈತಪ್ಪ," ಎಂದಳು. ಹೇಳಿದಷ್ಟೂ ಸಲ ಆ ಕೂದಲು ಇನ್ನಷ್ಟು ದಪ್ಪವಾಯಿತು. ಮಾಟವನ್ನು ಕಂಡು ನಕ್ಕವನಿಗೆ ಈಗ ಅದರಷ್ಟು ಆಪ್ತವಾದದ್ದು ಬೇರೊಂದಿರಲಿಲ್ಲ. ನಾಚಿಕೆಯಾಗುತ್ತಿತ್ತು, ಆದರೂ ಹೇಳುತ್ತಿದ್ದ. ಐದನೆಯ ದಿನ ಹೆಂಡತಿಯ ಸೋದರಮಾವಂದಿರು ಪಕ್ಕೀರಮ್ಮನ ಮನೆಗೆ ನುಗ್ಗಿ ಆ ಮುದುಕಿಯನ್ನು ಕೇಳಿಯೇ ಬಿಡುವುದೆಂದು ಬಡಿಗೆ ಹಿಡಿದು ಸಜ್ಜಾದರು. ಬೇಡ ಎನ್ನದೆ ಅವನೂ ಜೊತೆಗೆ ಹೊರಟುನಿಂತ.

ಹೊರಡುವ ಮುಂಚೆ ಗೀತಾಂಜಲಿಯ ಹಾಸಿಗೆಯ ಬಳಿ ಬಂದು ಕೂತ. ಐದು ದಿನದಿಂದ ಅವಳು ಮಾತಾಡಿರಲಿಲ್ಲ.

"ಕಾಲು ಮಾಟ ಹಿಡಕಂತು. ಆತು, ನಂಬ್ತೀನಿ," ಎಂದಳು ಮೆಲ್ಲಗೆ. "ಫೋಟೋದಾಗ ನೋಡಿದ್ದೆ, ಗಾಡಿ ಗುರ್ತು ಸಿಕ್ತು ನನಗ. ನೀವು ಬಂದ್ರಿ, ಇನ್ನ ಬದುಕಿದೆ ಅನ್ಕಂಡೆ. ಅವ್ವ ನಿಮ್ಮ ಕಿಟಕಿ ತನಕ ಓಡಿ ಬಂದ್ಲು. ಆಗ ಗಾಜು ಏರಿಸಿದ್ದು ಯಾರ್ರೀ?"

ಹೊರಗಿನಿಂದ ಮಾವಂದಿರು, "ಬರ್ರಿ ಅಳಿಯಂದಿರ, ಹೊತ್ತಾತು," ಎಂದು ಕರೆದರು. ಗುರುಬಸವರಾಜ ಹಾಸಿಗೆಯ ಮೇಲಿದ್ದ ತನ್ನ ಬಲಗೈಯನ್ನು ಮೆಲ್ಲಗೆ ತೆಗೆದು ಬೆನ್ನ ಹಿಂದೆ ಇಟ್ಟುಕೊಂಡ.